ಡೋಂಗಿಯಲ್ಲದವನು

ನನ್ನ ತಮ್ಮ ಬಿದ್ದು ಸತ್ತ. ಹಾರಿಕೊಂಡು ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸರ್ಕಾರಿ ಕಾಗದದಲ್ಲಿ ಬೇರೆ ಬರೆದಿದೆ, ಬೀದಿಯಲ್ಲಿ ಬೇರೆ ಮಾತಿದೆ. ಒಬ್ಬೊಬ್ಬರನ್ನೂ ಹಿಡಿದು ತಿದ್ದುತ್ತಾ ಹೋಗಲು ನನಗೆ ಪುರುಸೊತ್ತಿಲ್ಲ, ತಾಳ್ಮೆಯಂತೂ ಮೊದಲೇ ಇಲ್ಲ.

ಅವನ ಕೆಲಸ ಗಾಜು ಒರೆಸುವುದು. ದೊಡ್ಡ ದೊಡ್ಡ ಕಟ್ಟಡಗಳ ಮೈತುಂಬ ಗಾಜು ಮೆತ್ತಿರುತ್ತಾರಲ್ಲ, ಅದನ್ನು ಹೊರಗಿನಿಂದ ಒರೆಸಲು ಯಾರಾದರೂ ಬೇಕಲ್ಲ. ತಾರಸಿಯಿಂದ ಉಕ್ಕಿನ ಹಗ್ಗದಲ್ಲಿ ಕಬ್ಬಿಣದ ಅಟ್ಟಣೆಯೊಂದನ್ನು ಇಳಿಬಿಡುತ್ತಾರೆ. ಕೆಲಸದವರು ಅದನ್ನು ತೊಟ್ಟಿಲು ಎನ್ನುತ್ತಾರೆ. ಅದರಲ್ಲಿ ಇಬ್ಬರು ಆಳು, ಸೋಪಿನ ನೀರಿನ ಬಕೆಟ್ಟು, ರಬ್ಬರ್ ಪಟ್ಟಿಯ ಕೋಲು. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಕೊಕ್ಕೆ, ಆ ಕೊಕ್ಕೆ ಬೇರೆಯದೇ ಒಂದು ಹಗ್ಗಕ್ಕೆ. ತೊಟ್ಟಿಲು ಮಗುಚಿದರೂ ಮನುಷ್ಯ ನೇತಾಡುತ್ತಾ ಉಳಿಯಬೇಕು ಎಂಬುದು ಲೆಕ್ಕಾಚಾರ. ನನ್ನ ತಮ್ಮನ ಕೊಕ್ಕೆಯ ಸ್ಪ್ರಿಂಗ್ ಸತ್ತು ಎಷ್ಟೋ ಕಾಲವಾಗಿತ್ತು. ನನ್ನ ಜಡೆಯ ರಬ್ಬರ್ ಬ್ಯಾಂಡುಗಳನ್ನು ಕದ್ದು ಅದರ ಬಾಯಿಗೆ ಸುತ್ತಿಕೊಳ್ಳುತ್ತಿದ್ದ. ಹೊಸದು ಕೊಡಿ ಎಂದು ಮೇಸ್ತ್ರಿಯನ್ನು ಕೇಳಿದಾಗಲೆಲ್ಲ ಮುಂದಿನ ತಿಂಗಳು ಎನ್ನುವ ಉತ್ತರ ಸಿಗುತ್ತಿತ್ತು.

ಅವನಿಗೆ ಎತ್ತರವೆಂದರೆ ಜೀವಭಯ. ಚಿಕ್ಕವನಿದ್ದಾಗ ಅಟ್ಟದ ಏಣಿಯನ್ನು ಅರ್ಧ ಹತ್ತಿ, ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಜೆ ಬಂದವನೇ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಿದ್ದ. ಅಮ್ಮ ಬಿಟ್ಟುಬಿಡು ಎಂದಳು. ಬಿಟ್ಟು ಏನು ಮಾಡಲಿ ಎಂದು ಕೇಳಿದ. ಅಮ್ಮ ಮರುದಿನವೂ ಡಬ್ಬಿ ಕಟ್ಟಿಕೊಟ್ಟಳು. ಆಮೇಲೆ ಹಾಡು ಬರೆಯಲು ಶುರುಮಾಡಿದ, ವಾಂತಿ ನಿಂತಿತು. ಹಗಲು ಹೆದರಿದ್ದನ್ನೆಲ್ಲ ಸಂಜೆ ಬರೆದು, ಗಂಟಲು ಹರಿಯುವಂತೆ ಕಿರುಚಿ, ಬೆಳಿಗ್ಗೆ ಮತ್ತೆ ತೊಟ್ಟಿಲು ಹತ್ತುತ್ತಿದ್ದ. ಅವನ ಹಾಡಿನ ಗುಟ್ಟು ಇಷ್ಟೇ.

ಅವನೂ ಗೆಳೆಯರೂ ಕಟ್ಟಿಕೊಂಡ ಹಾಡಿನ ತಂಡದ ಹೆಸರು ಹೆಣಭಾರ. ಊರಲ್ಲಿ ಬೇರೆ ಹೆಸರೇ ಇರಲಿಲ್ಲವೇನೋ ಎಂದು ಅಮ್ಮ ಕೇಳಿದರೆ, ನಮ್ಮ ಹಾಡು ಕೇಳಿದ್ದರೆ ನೀನೂ ಇದೇ ಹೆಸರು ಇಡುತ್ತಿದ್ದೆ ಎಂದು ನಕ್ಕ. ಒಮ್ಮೆ ನಾನು ಹೋಗಿ ಕೇಳಿದೆ. ನಾನು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವಳು. ಅವರು ಒಂದು ಹಾಡು ಮುಗಿಸುವಷ್ಟರಲ್ಲಿ ಇಬ್ಬರ ಹುಬ್ಬು ತಿದ್ದಿ ಕಳಿಸಬಹುದು, ಅಷ್ಟು ನಿಧಾನ. ಪಂಕ್ಚರ್ ಅಂಗಡಿಯ ಹಿಂದಿನ ಕೋಣೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು, ಸುಟ್ಟ ರಬ್ಬರಿನ ವಾಸನೆ. ಗಿಟಾರ್ ಬಾರಿಸುವವನನ್ನು ಎಲ್ಲರೂ ಬೂದಿ ಎಂದು ಕರೆಯುತ್ತಿದ್ದರು. ಹಗಲು ಅವನಿಗೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಡ್ರಮ್ಸ್ ಬಡಿಯುವವನು ಡಬ್ಬ. ನನ್ನ ತಮ್ಮ ಮುಖಕ್ಕೆ ಬಿಳಿ ಬಳಿದುಕೊಂಡು, ಕಣ್ಣಿನ ಸುತ್ತ ನನ್ನದೇ ಕಪ್ಪು ಪೆನ್ಸಿಲ್ ಉಜ್ಜಿಕೊಂಡು, ಮೈಕನ್ನು ನುಂಗುವವನ ಹಾಗೆ ಹಿಡಿದು ಗೊರಗುಟ್ಟುತ್ತಿದ್ದ. ಒಂದು ಪದ ಅರ್ಥವಾದರೆ ಕೇಳಿ.

ಹಾಡಿಗಿಂತ ಹೆಚ್ಚು ಹೊತ್ತು ಅವರು ಜಗಳಕ್ಕೆ ಕೊಡುತ್ತಿದ್ದರು. ಜಗಳ ಯಾವುದಕ್ಕೆ? ತಾವು ಬಾರಿಸುವುದು ಯಾವ ಜಾತಿಯ ಸಂಗೀತ ಎಂಬುದಕ್ಕೆ. ಬೂದಿಯ ಪ್ರಕಾರ ಅದು ಡೂಮ್ ಮೆಟಲ್, ಬೇರೆ ಮಾತೇ ಇಲ್ಲ. ಡಬ್ಬ ಹಿಂದೆ ಪಂಕ್ ತಂಡದಲ್ಲಿದ್ದವನು, ಆ ಹೆಸರು ಬಿಟ್ಟರೆ ತನಗೆ ಅವಮಾನ ಎನ್ನುತ್ತಿದ್ದ. ನನ್ನ ತಮ್ಮನಿಗೆ ಗಾಥ್ ಹುಡುಗಿಯರ ಕಪ್ಪು ಬಟ್ಟೆ ಇಷ್ಟ, ಅದಕ್ಕೆ ಗಾಥಿಕ್ ಎಂಬುದೂ ಸೇರಲಿ ಎಂದ. ಕೊನೆಗೆ ಪೋಸ್ಟರಿನಲ್ಲಿ ಗಾಥಿಕ್ ಪೋಸ್ಟ್-ಪಂಕ್ ಡೂಮ್ ಮೆಟಲ್ ಎಂದು ಅಚ್ಚಾಯಿತು. ಹೆಸರಿಗಿಂತ ಬಾಲವೇ ಉದ್ದವಾಯಿತಲ್ಲೋ ಎಂದು ನಾನು ರೇಗಿಸಿದೆ. ತಮ್ಮ ನಕ್ಕ, ಬೂದಿ ಮುಖ ಊದಿಸಿಕೊಂಡ.

ಆ ಹುಡುಗರ ಲೋಕದಲ್ಲಿ ಏನು ಬೇಕಾದರೂ ಬೈಯಬಹುದು, ಡೋಂಗಿ ಎಂದು ಮಾತ್ರ ಬೈಯುವ ಹಾಗಿಲ್ಲ. ಮೊದಲು ಅವರಲ್ಲಿ ಬೇಸ್ ಗಿಟಾರ್ ಬಾರಿಸುವವನೊಬ್ಬನಿದ್ದ. ಶನಿವಾರ ಇವರ ಜೊತೆ ಸಮಾಧಿ, ಹುಳ ಎಂದೆಲ್ಲ ಹಾಡಿ, ಭಾನುವಾರ ಯಾರದೋ ಮದುವೆಯ ಪಾರ್ಟಿಯಲ್ಲಿ ಹೂವಿನಂಗಿ ತೊಟ್ಟು ಪ್ರೇಮಗೀತೆ ಬಾರಿಸಿದ. ಅದು ಬೂದಿಯ ಕಿವಿಗೆ ಬಿತ್ತು. ಡೋಂಗಿ ನನ್ನ ಮಗನೇ ಎಂದು ಎಲ್ಲರೆದುರು ಕರೆದು ಹೊರಗೆ ಹಾಕಿದ. ಆ ಹುಡುಗ ನಾಚಿಕೆಯಿಂದ ಬೇರೆ ಬಡಾವಣೆಗೆ ಮನೆ ಬದಲಾಯಿಸಿದನಂತೆ.

ತಮ್ಮ ಬಿದ್ದ ದಿನ ಬೆಳಿಗ್ಗೆಯೂ ಕೊಕ್ಕೆಯ ವಿಷಯಕ್ಕೆ ಮೇಸ್ತ್ರಿಯ ಜೊತೆ ಕಿತ್ತಾಡಿದ್ದನಂತೆ. ತೊಟ್ಟಿಲಲ್ಲಿ ಅವನ ಜೊತೆಗಿದ್ದವನು ವಯಸ್ಸಾದ ಮನುಷ್ಯ. ಹೆಣ ಮನೆಗೆ ತಂದ ದಿನ ನನ್ನ ಕೈ ಹಿಡಿದುಕೊಂಡು ಅತ್ತು, ಅವನು ಆ ತುದಿಯ ಗಾಜಿಗೆ ಕೈ ಚಾಚಿದ್ದನ್ನು ನೋಡಿದೆ, ಕೊಕ್ಕೆ ಕಳಚಿತಮ್ಮ ಎಂದಿದ್ದ. ಕಂಪನಿಯವರು ಅವನನ್ನು ಕರೆಸಿ ಏನು ಮಾತಾಡಿದರೋ, ಒಂದು ವಾರದೊಳಗೆ ಅವನ ಕಣ್ಣು ಮಂಜಾಯಿತು. ಗಾಜಿನ ಕಡೆ ಮುಖ ಮಾಡಿದ್ದೆ, ಬಕೆಟ್ಟು ಉರುಳಿದ ಸದ್ದಿಗೆ ತಿರುಗಿದರೆ ಹುಡುಗ ಇರಲಿಲ್ಲ ಎಂದ. ಅವನನ್ನು ಬೈದು ಪ್ರಯೋಜನವಿಲ್ಲ. ಅವನೂ ನಾಳೆ ಅದೇ ತೊಟ್ಟಿಲು ಹತ್ತಬೇಕು.

ನನ್ನ ತಮ್ಮನೇ ಕೊಕ್ಕೆ ಬಿಚ್ಚಿ ಹಾರಿದ ಎಂದಿತು ಕಂಪನಿ. ಸಾಕ್ಷಿಗೆ ಅವನ ಹಾಡು. ಪತ್ರಿಕೆಯೊಂದು ಬಿಳಿ ಬಳಿದ ಅವನ ಮುಖವನ್ನು ಅಂಗೈಯಷ್ಟು ದೊಡ್ಡದಾಗಿ ಹಾಕಿ, ಡೆತ್ ರಾಕ್ ಗಾಯಕನ ಸಾವು ಎಂದು ಬರೆಯಿತು. ಅವತ್ತು ಬೂದಿ ಮತ್ತು ಡಬ್ಬ ಮನೆಗೆ ಬಂದಿದ್ದರು. ಇಬ್ಬರೂ ಕಣ್ಣು ಊದುವಷ್ಟು ಅತ್ತಿದ್ದರು. ಆದರೂ ಪತ್ರಿಕೆ ನೋಡಿ ಬೂದಿ ಮೊದಲು ಸಿಟ್ಟಾದದ್ದು ಯಾವುದಕ್ಕೆ ಗೊತ್ತೇ? ನಮ್ಮದು ಡೆತ್ ರಾಕ್ ಅಲ್ಲವಲ್ಲ ಎಂದು. ಅವತ್ತೇ ನನಗೆ ಎಚ್ಚರವಾಗಬೇಕಿತ್ತು, ದುಃಖದಲ್ಲಿ ಆಗಲಿಲ್ಲ.

ಅಮ್ಮ ಗಾರ್ಮೆಂಟ್ಸಿನ ಅಂಗಿಗಳನ್ನು ಮನೆಗೆ ತಂದು ಗುಂಡಿ ಹಾಕಿಕೊಡುತ್ತಾಳೆ. ತಮ್ಮ ಹೋದ ಮೇಲೂ ಅಂಗಿಗಳ ಮೂಟೆ ಬರುತ್ತಿತ್ತು, ಅವಳ ಕೈ ಆಡುತ್ತಿತ್ತು. ಬಾಯಲ್ಲಿ ಮಾತ್ರ ಒಂದೇ ಪ್ರಶ್ನೆ. ಪರಿಹಾರ ಬರುತ್ತದೋ ಇಲ್ಲವೋ ಎಂದು ಅಕ್ಕಪಕ್ಕದವರು ಕೇಳಿದರೆ ಅವಳಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. "ಅವನಾಗೇ ಹೋದ್ನಾ, ಇಲ್ಲ ಬಿದ್ನಾ? ಅದೊಂದು ಹೇಳಿ ಸಾಕು," ಎನ್ನುತ್ತಿದ್ದಳು. ಬಿದ್ದಿದ್ದರೆ ಅವಳು ಅತ್ತು ಅತ್ತು ಒಂದು ದಿನ ಸುಧಾರಿಸಿಕೊಳ್ಳುತ್ತಿದ್ದಳು. ತಾನು ಡಬ್ಬಿ ಕಟ್ಟಿ ಕಳಿಸಿದ ಮಗ ಬೇಕೆಂದೇ ತನ್ನನ್ನು ಬಿಟ್ಟುಹೋದ ಎಂದಾದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಓಡಾಡಿ ವಿಚಾರಣೆ ಹಾಕಿಸಿದ್ದು ಅದೊಂದಕ್ಕೇ.

ವಿಚಾರಣೆಗೆ ಮೊದಲು ಜೆರಾಕ್ಸ್ ಅಂಗಡಿಗೆ ಹೋಗಿ ಬೂದಿಗೆ ಪಾಠ ಹೇಳಿಕೊಟ್ಟೆ. ಹಾಡಿನ ಬಗ್ಗೆ ಕೇಳಿದರೆ, ಅದೆಲ್ಲ ನಾಟಕದ ಹಾಗೆ ಎನ್ನು. ನಾಟಕದಲ್ಲಿ ಸಾಯುವ ಪಾತ್ರದವನು ಪರದೆ ಬಿದ್ದ ಮೇಲೆ ಮನೆಗೆ ಹೋಗಿ ಊಟ ಮಾಡುವುದಿಲ್ಲವೇ, ಹಾಗೆ. ಇಷ್ಟೇ ಹೇಳು, ಹೆಚ್ಚಿಗೆ ಒಂದು ಮಾತು ಬೇಡ ಎಂದೆ. ಅವನು ಯಂತ್ರದ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಆಯ್ತಕ್ಕ, ಆಯ್ತಕ್ಕ ಎಂದ.

ಕಾರ್ಮಿಕ ಕಚೇರಿಯ ಮೇಲಿನ ಕೋಣೆ. ಉದ್ದನೆಯ ಮೇಜು, ಕಿಟಕಿಯ ತುಂಬ ಪಾರಿವಾಳದ ಗಲೀಜು. ಅಧಿಕಾರಿ ಇನ್ನೇನು ನಿವೃತ್ತರಾಗುವ ವಯಸ್ಸಿನವರು, ಕೆಟ್ಟವರಲ್ಲ. ಅಮ್ಮನಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದರು. ಮೇಸ್ತ್ರಿ ಒಂದು ಬೆಲ್ಟು ತಂದು ಮೇಜಿನ ಮೇಲಿಟ್ಟ. ಕೊಕ್ಕೆ ಫಳಫಳ ಹೊಳೆಯುತ್ತಿತ್ತು, ಸ್ಪ್ರಿಂಗ್ ಟಕ್ಕನೆ ಮುಚ್ಚುತ್ತಿತ್ತು. ಇದು ಅವನ ಬೆಲ್ಟೇ ಅಲ್ಲ ಎಂದು ನಾನು ಎದ್ದು ನಿಂತು ಹೇಳಿದೆ. ಸಾಬೀತು ಮಾಡಿ ಎಂದರು. ಹೇಗೆ ಸಾಬೀತು ಮಾಡಲಿ? ಅವನು ಕುಡಿಯುತ್ತಿದ್ದನೇ, ಮನೆಯಲ್ಲಿ ಜಗಳವಿತ್ತೇ, ತಲೆ ನೆಟ್ಟಗಿತ್ತೇ ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಅಮ್ಮ ಎಲ್ಲದಕ್ಕೂ ತಲೆ ಬಗ್ಗಿಸಿ ಇಲ್ಲ, ಇಲ್ಲ ಎನ್ನುತ್ತಿದ್ದಳು.

ಆಮೇಲೆ ಕಂಪನಿಯ ವಕೀಲರು ಮೊಬೈಲಿನಲ್ಲಿ ಹಾಡು ಹಾಕಿದರು. ಗೊರಗೊರ ಸದ್ದು ಬಿಟ್ಟರೆ ಯಾರಿಗೂ ಏನೂ ತಿಳಿಯಲಿಲ್ಲ. ಅದಕ್ಕೆ ಅವರೇ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಸಾಲುಗಳನ್ನು ಸ್ಪಷ್ಟವಾಗಿ ಓದಿದರು.

ಮೇಲಿಂದ ನೋಡಿದರೆ ಬೀದಿ ಮೆತ್ತಗೆ,
ಯಾರೋ ನನಗೆಂದೇ ಹಾಸಿದ ಹಾಸಿಗೆ.

ಅಮ್ಮ ತಲೆ ಎತ್ತಿದಳು. ಇಷ್ಟು ವರ್ಷ ಮಗ ಕಿರುಚುವುದನ್ನು ಕೇಳಿ ಗಂಟಲಿಗೆ ಬಿಸಿನೀರು ಕುಡಿಯೋ ಎಂದು ಗದರಿದ್ದಳೇ ಹೊರತು, ಅವನು ಏನೆಂದು ಕಿರುಚುತ್ತಾನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮೊದಲ ಸಲ ಕೇಳಿದ್ದು ಆ ವಕೀಲರ ಬಾಯಲ್ಲಿ.

ಅಧಿಕಾರಿ ಬೂದಿಯನ್ನು ಕರೆದರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲು ಹಿಂದಕ್ಕೆ ಕಟ್ಟಿಕೊಂಡು, ಸಭ್ಯಸ್ಥನ ಹಾಗೆ ನಿಂತ. ಆ ಅಧಿಕಾರಿ ನಮಗೆ ಸಹಾಯ ಮಾಡಬೇಕೆಂದೇ ಇದ್ದರು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

"ನೋಡಪ್ಪಾ, ವಯಸ್ಸಿನ ಹುಡುಗ್ರು ಹೀಗೆಲ್ಲ ಹಾಡ್ತಾರೆ. ಡೆತ್ ಮೆಟಲ್ಲೋ ಏನೋ ಅಂತಾರಲ್ಲ. ಇದೆಲ್ಲ ಬರೀ ವೇಷ ತಾನೆ?"

ಹೌದು ಸರ್ ಎಂದರೆ ಮುಗಿದಿತ್ತು. ಬೂದಿ ಬಾಯಿ ತೆರೆದ. ನಾನು ಅಮ್ಮನ ಕೈ ಹಿಡಿದುಕೊಂಡೆ.

"ಡೆತ್ ಅಲ್ಲ ಸರ್," ಎಂದ. "ಡೂಮ್."

ಹಿಂದಿನ ಬೆಂಚಿನಿಂದ ಡಬ್ಬ, ಪೋಸ್ಟ್-ಪಂಕೂ ಇದೆ ಎಂದು ಗೊಣಗಿದ. ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿಗೂ ಕುತೂಹಲವಾಯಿತು, ಎರಡಕ್ಕೂ ಏನಪ್ಪ ವ್ಯತ್ಯಾಸ ಎಂದರು. ಬೂದಿಗೆ ಅಷ್ಟು ಸಾಕಾಯಿತು. ನಾನು ಹೇಳಿಕೊಟ್ಟದ್ದೆಲ್ಲ ಗಾಳಿಗೆ ಹೋಯಿತು. ಡೆತ್ ಮೆಟಲ್ ಎಂದರೆ ಬರೀ ವೇಗ, ರಕ್ತ, ಕತ್ತರಿಸಿದ ಕೈಕಾಲು, ಹೆದರಿಸುವ ಆಟ, ಅದನ್ನು ಹಾಡುವವನಿಗೆ ಅದರಲ್ಲಿ ಏನೂ ಇರುವುದಿಲ್ಲ ಎಂದ. ಡೂಮ್ ಹಾಗಲ್ಲ, ಅದು ನಿಧಾನ, ಒಳಗಿನ ಭಾರವನ್ನೇ ಎಳೆದು ಹೊರಗೆ ತರಬೇಕು, ಒಳಗೆ ಇಲ್ಲದವನು ಬಾರಿಸಿದರೆ ಒಂದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ ಎಂದ. ಮಾತಾಡುತ್ತಾ ಮಾತಾಡುತ್ತಾ ಅವನ ಬೆನ್ನು ನೆಟ್ಟಗಾಯಿತು. ವಕೀಲರು ಬರೆದುಕೊಳ್ಳುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು.

"ಹಾಗಾದ್ರೆ ನಿಮ್ಮ ಸ್ನೇಹಿತಂದು ವೇಷ ಅಲ್ಲ ಅಂತೀಯಾ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದರು.

ಬೂದಿ ನನ್ನ ಕಡೆ ತಿರುಗಿ ನೋಡಿದ. ಹೇಳಿಬಿಡೋ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವನ ಕಣ್ಣು ತುಂಬಿತು. ಸತ್ತ ಗೆಳೆಯನನ್ನು ಅಷ್ಟು ಜನರ ಎದುರು ಡೋಂಗಿ ಎನ್ನಬೇಕು. ಅವರ ಲೋಕದಲ್ಲಿ ಅದು ಹೆಣಕ್ಕೆ ಒದ್ದ ಹಾಗೆ. ಅವನಿಂದ ಆಗಲಿಲ್ಲ.

"ಅವನು ಡೋಂಗಿ ಅಲ್ಲ ಸರ್. ಹಾಡಿದ ಒಂದೊಂದು ಮಾತೂ ಅವನಿಗೆ ನಿಜ. ಅವನಷ್ಟು ನಿಜವಾಗಿ ಹಾಡೋನನ್ನ ನಾನು ನೋಡೇ ಇಲ್ಲ."

ಬಿಕ್ಕಿ ಬಿಕ್ಕಿ ಅಳತೊಡಗಿದ. ವಕೀಲರು ಪೆನ್ನಿನ ಮುಚ್ಚಳ ಹಾಕಿ, ನನ್ನ ಪ್ರಶ್ನೆಗಳೇನೂ ಇಲ್ಲ ಎಂದು ಕುಳಿತರು. ನಾನು ಎದ್ದು ಕೂಗಾಡಿದೆ. ನಿಜವೆಂದರೆ ಸಾಯುವ ಆಸೆ ನಿಜ ಎಂದಲ್ಲ, ಹೆದರಿಕೆ ನಿಜ ಎಂದು, ಅವನು ಹೆದರಿದ್ದನ್ನು ಹಾಡುತ್ತಿದ್ದ ಎಂದು. ಮನೆಯವರು ದುಃಖದಲ್ಲಿ ಏನೇನೋ ಅನ್ನುತ್ತಾರೆ ಎಂಬಂತೆ ಎಲ್ಲರೂ ಮರುಕದಿಂದ ನನ್ನನ್ನು ನೋಡಿದರು. ಕುಳಿತುಕೋ ಎಂದು ಅಮ್ಮನೇ ಸೆರಗು ಹಿಡಿದು ಎಳೆದಳು.

ತೀರ್ಪು ಬಂತು. ಮೃತನು ಸ್ವಇಚ್ಛೆಯಿಂದ ಪ್ರಾಣ ಬಿಟ್ಟಿರುವುದಾಗಿ ಆಪ್ತ ಸ್ನೇಹಿತನ ಹೇಳಿಕೆಯಿಂದ ಕಂಡುಬರುತ್ತದೆ ಎಂದು ಬರೆದಿದ್ದರು. ಆ ಕಟ್ಟಡಕ್ಕೆ ತೊಟ್ಟಿಲು ಮತ್ತೆ ಏರಿತು, ಅದೇ ಹಳೆ ಬೆಲ್ಟುಗಳೊಂದಿಗೆ. ಅಮ್ಮ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಅದರ ಬದಲು, ನಾವು ಅವನಿಗೆ ಏನು ಕಡಿಮೆ ಮಾಡಿದೆವು ಎಂದು ಗುಂಡಿ ಹಾಕುತ್ತಾ ತನ್ನಷ್ಟಕ್ಕೆ ಹೇಳಿಕೊಳ್ಳುವುದು ಶುರುವಾಯಿತು. ಫ್ಯಾನಿನ ಧೂಳು ಹೊಡೆಯಲು ನಾನು ಸ್ಟೂಲು ಹತ್ತಿದರೂ ಚೀರಿ ಕಾಲು ಹಿಡಿದುಕೊಳ್ಳುತ್ತಿದ್ದಳು. ಅನ್ನ ಎರಡು ತುತ್ತಿಗೆ ಸಾಕು ಎನ್ನುತ್ತಿದ್ದಳು. ನನ್ನ ಕಣ್ಣೆದುರೇ ಕರಗುತ್ತಿದ್ದಳು.

ಇತ್ತ ತಮ್ಮ ದೊಡ್ಡ ಮನುಷ್ಯನಾದ. ಬದುಕಿದ್ದಾಗ ಅವನ ಹಾಡು ಕೇಳಲು ಒಂದು ಕೋಣೆ ತುಂಬುತ್ತಿರಲಿಲ್ಲ. ಈಗ ಅವನ ಮುಖ ಟಿ-ಶರ್ಟಿನ ಮೇಲೆ ಬಂತು, ಕೆಳಗೆ ಆ ಹಾಸಿಗೆಯ ಸಾಲು. ಡೂಮೋ, ಡೆತ್ತೋ, ಗಾಥೋ, ಪಂಕೋ ಎಂದು ಈಗ ಯಾರೂ ಜಗಳವಾಡುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಗುಂಪುಗಳೆಲ್ಲ ಸೇರಿ ಅವನು ನಮ್ಮವನು ಎಂದವು. ಸರ್ಕಾರವೇ ಮೊಹರು ಒತ್ತಿ ಅಸಲಿ ಎಂದು ಕೊಟ್ಟ ಮೇಲೆ ಇನ್ನೇನು ಬೇಕು?

ಒಂದು ಮಧ್ಯಾಹ್ನ ಶಾಲೆಯ ಸಮವಸ್ತ್ರದಲ್ಲಿದ್ದ ಹುಡುಗಿಯೊಬ್ಬಳು ಪಾರ್ಲರಿಗೆ ಬಂದಳು. ಮೊಬೈಲಿನಲ್ಲಿ ನನ್ನ ತಮ್ಮನ ಫೋಟೋ ತೋರಿಸಿ, ಕಣ್ಣಿಗೆ ಹೀಗೇ ಮಾಡಿ ಎಂದಳು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಇವನೇ ಏಕೆ ಎಂದು ಕೇಳಿದೆ.

"ಬೇರೆಯವರೆಲ್ಲ ಬರೀ ಹಾಡ್ತಾರೆ ಆಂಟಿ. ಇವರೊಬ್ರೇ ಮಾಡಿ ತೋರಿಸಿದ್ದು," ಎಂದಳು, ಪರೀಕ್ಷೆಯಲ್ಲಿ ಮೊದಲು ಬಂದ ಅಣ್ಣನ ವಿಷಯ ಹೇಳುವ ಹಾಗೆ.

ಪೆನ್ಸಿಲ್ ಕೆಳಗಿಟ್ಟೆ. ಅವನು ಬಿದ್ದ ಕಣೇ, ಕೊಕ್ಕೆ ಕೆಟ್ಟಿತ್ತು ಎಂದೆ. ನಂಬಲಿಲ್ಲ. ನಾನು ಅವನ ಅಕ್ಕ ಎಂದೆ. ಅದನ್ನಂತೂ ನಂಬಲೇ ಇಲ್ಲ. ಅವಳ ಅಮ್ಮನ ನಂಬರು ಕೇಳಿ ಪಡೆದು ಫೋನ್ ಮಾಡಿ, ಆಕೆ ಬಂದು ಕರೆದುಕೊಂಡು ಹೋಗುವವರೆಗೆ ಹುಡುಗಿಯನ್ನು ಕೂರಿಸಿಕೊಂಡಿದ್ದು, ಆಮೇಲೆ ನೇರ ಜೆರಾಕ್ಸ್ ಅಂಗಡಿಗೆ ನಡೆದೆ.

ಬೂದಿ ಅರ್ಧ ಮನುಷ್ಯನಾಗಿದ್ದ. ತೀರ್ಪು ಬಂದ ಮೇಲೆ ಗಿಟಾರ್ ಮುಟ್ಟಿಲ್ಲವಂತೆ, ಅಭಿಮಾನಿಗಳು ಬಂದರೆ ಹಿಂಬಾಗಿಲಿನಿಂದ ಹೋಗಿಬಿಡುತ್ತಾನಂತೆ. ಅಕ್ಕ, ನಾನು ಒಳ್ಳೇದೇ ಹೇಳ್ತಿದೀನಿ ಅಂದ್ಕೊಂಡಿದ್ದೆ ಎಂದ. ನನಗೆ ಅವನ ಒಳ್ಳೆಯದು ಬೇಕಿರಲಿಲ್ಲ. ಬಂದು ಅಮ್ಮನ ಎದುರು ಹೇಳು, ಸರ್ಕಾರಿ ಕಾಗದ ಹಾಳಾಗಿ ಹೋಗಲಿ, ಅವಳೊಬ್ಬಳು ನಂಬಿದರೆ ಸಾಕು ಎಂದೆ. ಅವನು ಅಂಗಡಿಯವರಿಗೂ ಹೇಳದೆ ಎದ್ದು ಬಂದ.

ಅಮ್ಮ ಚಾಪೆಯ ಮೇಲೆ ಅಂಗಿಗಳ ನಡುವೆ ಕುಳಿತಿದ್ದಳು. ಬೂದಿ ಅವಳೆದುರು ಮಂಡಿಯೂರಿ ಕುಳಿತ.

"ಅಮ್ಮಾ, ನಾವೆಲ್ಲ ಡೋಂಗಿಗಳು," ಎಂದ. "ಅವನೂ ಡೋಂಗಿನೇ. ಸಾಯೋ ಆಸೆ ಯಾರಿಗೂ ಇರ್ಲಿಲ್ಲ. ಹೆದ್ರಿಕೆ ಆಗ್ತಿತ್ತು, ಕಿರುಚ್ತಿದ್ವಿ, ಅಷ್ಟೇ. ಅವನು ಬಿದ್ದಿದ್ದು ಅಮ್ಮಾ. ಅವತ್ತು ನಾನು ಹೇಳಿದ್ದು ತಪ್ಪು."

ಅಷ್ಟು ಹೇಳಲು ಆ ಹುಡುಗನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಕ್ಷಣವೇ ಇಳಿದುಹೋಯಿತು. ಅಮ್ಮ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ಅವನ ತಲೆಯ ಮೇಲೆ ಕೈಯಿಟ್ಟಳು. ಅವಳು ಈಗ ಅಳುತ್ತಾಳೆ, ಅತ್ತು ಹಗುರಾಗುತ್ತಾಳೆ ಎಂದುಕೊಂಡೆ.

"ಇವಳು ಹೇಳಿಕೊಟ್ಟಳಾ?" ಎಂದು ಕೇಳಿದಳು. "ಬೇಡಪ್ಪಾ. ಅವತ್ತು ಅಷ್ಟು ಜನ ನನ್ನ ಮಗನ ಬಗ್ಗೆ ಮಾತಾಡಿದ್ರು. ಕುಡುಕನಾ ಅಂದ್ರು, ಹುಚ್ಚನಾ ಅಂದ್ರು. ಒಂದು ಒಳ್ಳೆ ಮಾತು ಆಡಿದ್ದು ನೀನೊಬ್ನೇ. ನನ್ನ ಮಗ ಸುಳ್ಳ ಅಲ್ಲ ಅಂತ ಅಳ್ತಾ ಹೇಳ್ದೆ. ನನಗೆ ಉಳಿದಿರೋದು ಅದೊಂದೇ. ಅದನ್ನೂ ಕಿತ್ಕೋಬೇಡ."

ಬೂದಿ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅಮ್ಮ ಸೂಜಿ ತೆಗೆದುಕೊಂಡು ಮುಂದಿನ ಅಂಗಿಯನ್ನು ಮಡಿಲಿಗೆ ಎಳೆದುಕೊಂಡಳು.